ಕಾಲರನ ಅಳತೆಗೆ ಒಂದು ಮನೆ

ಜನವರಿ 6

ಮಾಸ್ಟರ್ ಅವರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಅದಕ್ಕೇ ಬಿಟ್ಟಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀವು ಎತ್ತುವುದಿಲ್ಲ, ಎತ್ತಿದರೆ ನಾನು ಜಗಳ ತೆಗೆಯುತ್ತೇನೆ. ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಕಾಗದವಾದರೆ ಮಧ್ಯದಲ್ಲಿ ಬಾಯಿ ಹಾಕಲು ಬರುವುದಿಲ್ಲ, ಅಷ್ಟು ನೆಮ್ಮದಿ.

ವಿಷಯ ಇದು. ಬೀದಿ ಅಗಲ ಮಾಡಲು ನಮ್ಮ ಸಾಲನ್ನೆಲ್ಲ ಕೆಡವುತ್ತಾರಂತೆ. ಮೂವತ್ತು ವರ್ಷ ನೀವು ಬಟ್ಟೆ ಕತ್ತರಿಸಿ ನಾನು ಹೊಲಿದ ಟೈಲರ್ ಅಂಗಡಿ, ಅದರ ಹಿಂದೆ ನಾನಿರುವ ಕೋಣೆ, ಎರಡೂ ತಿಂಗಳ ಕೊನೆಗೆ ನೆಲಸಮ. ನನಗೆ ಎರಡನೇ ಮಹಡಿಯಲ್ಲಿ ಒಂದು ಮನೆ ಸಿಕ್ಕಿದೆ. ಬೆಳಕಿದೆ, ನಲ್ಲಿ ಸೋರುವುದಿಲ್ಲ, ಮಿಷನ್ ಇಡಲು ಕಿಟಕಿಯ ಪಕ್ಕ ಜಾಗವಿದೆ. ನನ್ನ ಚಿಂತೆ ನನ್ನ ಬಗ್ಗೆಯಲ್ಲ, ಕಾಲರನ ಬಗ್ಗೆ.

ನಿಮಗೆ ಗೊತ್ತಿಲ್ಲದ ಸಂಗತಿ ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆ ತುಂಡುಬಟ್ಟೆಯ ಚೀಲದಲ್ಲಿ ನೀವು ಮರಿಯಾಗಿದ್ದಾಗ ಹಾಕಿಕೊಂಡು ತಂದು, ಕತ್ತಿನ ಬಿಳಿ ಪಟ್ಟಿ ನೋಡಿ ಹೆಸರಿಟ್ಟ ನಾಯಿಗೆ ಈಗ ಕಣ್ಣು ಕಾಣುವುದಿಲ್ಲ. ಎರಡು ವರ್ಷವಾಯಿತು, ಪೂರ್ತಿ ಕತ್ತಲೆ. ಆದರೆ ಹೊಸ ಗಿರಾಕಿಗಳಿಗೆ ಹೇಳಿದರೆ ನಂಬುವುದಿಲ್ಲ. ಹಾಸಿಗೆಯಿಂದ ಎದ್ದು, ಮೇಜಿನ ಕಾಲನ್ನು ಸುತ್ತಿ ಬಳಸಿ, ಬಟ್ಟಲಿಗೆ ಹೋಗಿ, ನೀರು ಕುಡಿದು, ಬಾಗಿಲು ದಾಟಿ ಹಿತ್ತಲಿಗೆ ಹೋಗಿ ಬರುತ್ತಾನೆ. ಎಲ್ಲಿಯೂ ಮೂಗು ತಾಗಿಸುವುದಿಲ್ಲ.

ಹೊಸ ಕಟ್ಟಡದಲ್ಲಿ ಪ್ರಾಣಿ ಸಾಕುವವರಿಗೆ ಮೂವತ್ತು ದಿನದ ಪರೀಕ್ಷೆಯಿದೆ. ನಿವಾಸಿಗಳ ಸಮಿತಿಯ ಕಾರ್ಯದರ್ಶಿಗಳು ರೈಲಿನಲ್ಲಿ ಗಾರ್ಡ್ ಆಗಿದ್ದವರು, ಮಾತು ಮಾತಿಗೂ ಗಡಿಯಾರ ನೋಡುತ್ತಾರೆ. ನಾಯಿ ತಾನೇ ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿ ಬರಬೇಕು, ಮೆಟ್ಟಿಲ ಮೇಲೆ ಗಲೀಜು ಮಾಡಬಾರದು, ಊಳಿಡಬಾರದು. ಮೂವತ್ತನೇ ದಿನ ಸಮಿತಿ ಬಂದು ನೋಡುತ್ತದೆ. ಆಗದಿದ್ದರೆ ಅವನನ್ನು ಊರಾಚೆಯ ನಾಯಿಗಳ ಆಶ್ರಮಕ್ಕೆ ಬಿಡಬೇಕು. ಎತ್ತಿಕೊಂಡು ಇಳಿಸೋಣವೆಂದರೆ ನನ್ನ ಮಂಡಿ ನನ್ನನ್ನೇ ಹೊರುವುದಿಲ್ಲ. ಪಶುವೈದ್ಯರನ್ನು ಕೇಳಿದೆ. "ಹಳೇ ಮನೆ ಅದರ ತಲೆಯಲ್ಲಿದೆಯಮ್ಮ. ಈ ವಯಸ್ಸಲ್ಲಿ ಇನ್ನೊಂದು ಮನೆ ಕಲಿಯೋದು ಕಷ್ಟ," ಎಂದರು. ಆಶ್ರಮದಲ್ಲಿ ಅರವತ್ತು ನಾಯಿಗಳ ಮಧ್ಯೆ ಅವನು ವಾರ ಬದುಕುವುದಿಲ್ಲ.

ಬೆಕ್ಕು ಒಂದಿದೆ, ನೀವು ಹೋದ ಮೇಲೆ ಬಂದದ್ದು, ಹೆಸರು ಸೂಜಿ. ಅದರ ಚಿಂತೆ ನನಗಿಲ್ಲ. ಅದು ಎಲ್ಲಿ ಬಿಟ್ಟರೂ ಯಜಮಾನಿಯೇ.

ಕೇಳಬೇಕಾದ್ದು ಇಷ್ಟು. ಪರೀಕ್ಷೆಯಲ್ಲಿ ಅವನು ಸೋತರೆ ನೀವು ಇಟ್ಟುಕೊಳ್ಳುತ್ತೀರಾ? ಪ್ರಿನ್ಸಿಪಾಲರ ಕೋಟಿನ ಜಗಳವನ್ನು ಇದಕ್ಕೆ ಬೆರೆಸುತ್ತಿಲ್ಲ. ಅವರ ಬೀಳ್ಕೊಡುಗೆಯ ದಿನ ಆ ಕೋಟು ಗೋಣಿಚೀಲದ ಹಾಗೆ ಜೋತುಬಿದ್ದದ್ದು ನಿಮ್ಮ ಕತ್ತರಿಯಿಂದಲೇ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅದು ಬೇರೆ, ನಾಯಿ ಬೇರೆ.

ಹಳೆಯ ಅಂಗಡಿಯಿಂದ,
ಮಿಷನಮ್ಮ

*

ಜನವರಿ 14

ಮಿಷನ್ನಿಗೆ,

ನಾನು ಯಾವಾಗಿನಿಂದ ನಿನಗೆ "ನೀವು" ಆದೆ? ಯಾರೋ ಗಿರಾಕಿ ಬರೆದ ಕಾಗದವೆಂದುಕೊಂಡು ತಿರುಗಿಸಿ ಹೆಸರು ನೋಡಿದೆ.

ಕಾಲರನನ್ನು ಇಲ್ಲಿಗೆ ತರಲಾಗುವುದಿಲ್ಲ. ಮಗಳ ಮನೆ ಆರನೇ ಮಹಡಿ, ಮೊಮ್ಮಗಳಿಗೆ ನಾಯಿಯ ಕೂದಲೆಂದರೆ ಉಬ್ಬಸ. ಕಲ್ಲು ಮನಸ್ಸಿನವಳು ಎಂದುಕೊಂಡರೆ ಅಂದುಕೋ. ಅವನ ಕಣ್ಣಿನ ವಿಷಯ ಓದಿದ ಮೇಲೆ ಎರಡು ದಿನ ನಾನು ಕತ್ತರಿ ಮುಟ್ಟಲಿಲ್ಲ. ಎರಡು ವರ್ಷ ಮುಚ್ಚಿಟ್ಟೆಯಲ್ಲ, ಅದಕ್ಕೆ ನಿನಗೆ ಬೆನ್ನಿಗೆ ಎರಡು ಬಿಗಿಯಬೇಕು.

ಈಗ ಕೆಲಸದ ಮಾತು. ಅವನು ಮನೆಯನ್ನು ಕಾಲಲ್ಲಿ ಎಣಿಸಿಟ್ಟುಕೊಂಡಿದ್ದಾನೆ. ಇಷ್ಟು ಹೆಜ್ಜೆ, ಎಡಕ್ಕೆ ತಿರುಗು, ಮತ್ತೆ ಇಷ್ಟು ಹೆಜ್ಜೆ. ಆ ಎಣಿಕೆ ಕೆಡದಿದ್ದರೆ ಅವನೂ ಕೆಡುವುದಿಲ್ಲ. ಹೊಸ ಮನೆಯನ್ನು ಅವನು ಯಾಕೆ ಕಲಿಯಬೇಕು? ಹಳೆಯ ಮನೆಯನ್ನೇ ಬಿಚ್ಚಿ, ಅಲ್ಲಿ ಹೋಗಿ ಅದೇ ಅಳತೆಗೆ ಹೊಲಿ. ಹಾಸಿಗೆ ಎಲ್ಲಿ, ಬಟ್ಟಲು ಎಲ್ಲಿ, ಮೇಜಿನ ಕಾಲು ಎಲ್ಲಿ, ಒಂದನ್ನೂ ಬಿಡದೆ ಅಳೆದು ಬರೆದುಕೋ. ಅವನ ಹಾಸಿಗೆಯನ್ನು ಒಗೆಯಬೇಡ. ಕೆಡವಿದ ಮೇಲೆ ಅಳೆಯೋಣವೆಂದರೆ ಅಲ್ಲಿ ಗೋಡೆ ಇರುವುದಿಲ್ಲ, ನೆನಪಿರಲಿ.

ಕೋಟಿನ ಮಾತನ್ನು ಎತ್ತಿದವಳು ನೀನು. ನಾನು ಸರಿಯಾಗಿಯೇ ಕತ್ತರಿಸಿದ್ದೆ. ನೀನಂತೂ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು, ನಿನ್ನೊಂದಿಗೆ ವಾದ ಏಕೆ?

ನಾಯಿಯ ತಲೆ ಸವರಿ ನನ್ನ ಹೆಸರು ಹೇಳು.

ಮಾಸ್ಟರಮ್ಮ

*

ಫೆಬ್ರುವರಿ 2

ಅಕ್ಕಾ,

ಸರಿ, "ನೀನು". ಒಡಹುಟ್ಟದಿದ್ದರೂ ಮೊದಲಿನ ಹಾಗೆ ಅಕ್ಕ. ಸಮಾಧಾನವಾಯಿತಾ?

ನೀನು ಹೇಳಿದ ಹಾಗೆಯೇ ಮಾಡಿದೆ. ನಾಲ್ಕು ದಿನ ಗಿರಾಕಿಗಳನ್ನು ವಾಪಸು ಕಳಿಸಿ ಮನೆಗೇ ಅಳತೆ ಹಿಡಿದೆ. ಟೇಪು, ಆರ್ಡರ್ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ಅವನು ಮುಂದೆ, ನಾನು ನೆಲಕ್ಕೆ ಕೂತು ಹಿಂದೆ. ಹೆಸರಿನ ಜಾಗದಲ್ಲಿ "ಕಾಲರ್" ಎಂದು ಬರೆದು, ಎದೆ, ಸೊಂಟ, ತೋಳು ಇರುವಲ್ಲಿ ಹಾಸಿಗೆ, ಬಟ್ಟಲು, ಬಾಗಿಲು ಎಂದು ತುಂಬಿಸಿದೆ. ಹೆಲ್ಮೆಟ್ಟು ಹಾಕಿಕೊಂಡು ಕಟ್ಟಡ ನೋಡಲು ಬಂದವನೊಬ್ಬ ನನ್ನನ್ನು ನೋಡಿ, ಅಜ್ಜಿ ಏನು ಕಳೆದುಕೊಂಡಿರಿ ಎಂದು ತಾನೂ ಬಗ್ಗಿ ಹುಡುಕಿದ.

ಸಾಮಾನು ಸಾಗಿಸಿದ್ದು ಮೊನ್ನೆ. ಸೂಜಿಯನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿದ್ದೆ. ದಾರಿಯುದ್ದಕ್ಕೂ ಅದು ಕೂಗಿದ ಕೂಗಿಗೆ ವ್ಯಾನಿನವನು ಎರಡು ಸಲ ನಿಲ್ಲಿಸಿ, ಮಗುವಿಗೆ ಹಸಿವಾಗಿದೆಯೇನೋ ನೋಡಿ ಎಂದ. ಕಾಲರ್ ನನ್ನ ಕಾಲ ಸಂದಿಯಲ್ಲಿ ಕೂತು, ಮಿಷನ್ನಿನ ಚಕ್ರಕ್ಕೆ ಮೂಗು ಒತ್ತಿಕೊಂಡಿದ್ದ. ಒಂದು ಸದ್ದೂ ಮಾಡಲಿಲ್ಲ. ಮೇಲಕ್ಕೆ ಅವನನ್ನು ವ್ಯಾನಿನವನೇ ಎತ್ತಿ ತಂದ.

ಹೊಸ ಮನೆಯಲ್ಲಿ ಒಂದೇ ಉದ್ದನೆಯ ಹಾಲ್. ಹಳೆಯ ಅಂಗಡಿ, ಹಿಂದಿನ ಕೋಣೆ ಎರಡೂ ಅದರಲ್ಲಿ ಹಿಡಿಸುತ್ತವೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೆಲದ ಮೇಲೆಲ್ಲ ಗೆರೆ ಎಳೆದೆ. ನಡುವಿನ ಗೋಡೆ ಇದ್ದಲ್ಲಿ, ಬಾಗಿಲಿನಷ್ಟು ಜಾಗ ಬಿಟ್ಟು, ಬೀರು ನಿಲ್ಲಿಸಿದೆ. ಮೇಜು ಗೆರೆಯೊಳಗೆ ಕೂತಾಗ ಸ್ವಲ್ಪ ಸಡಿಲ ಅನಿಸಿತು. ಸಡಿಲವಿದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡೆ. ಎಲ್ಲ ಮುಗಿದಾಗ ನಿಜ ಹೇಳುತ್ತೇನೆ, ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ ಅನಿಸಿತು.

ಅವನನ್ನು ಹಾಸಿಗೆಯ ಮೇಲೆ ಬಿಟ್ಟೆ. ಮೂಸಿ ನೋಡಿದ, ಬಾಲ ಅಲ್ಲಾಡಿಸಿದ. ಎದ್ದು ಮೇಜಿನ ಕಾಲು ಬಳಸಿದ. ನನಗೆ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಆಮೇಲೆ ಎಡಕ್ಕೆ ತಿರುಗಿ, ದಾರಿ ಇದೆಯೆಂದು ನಂಬಿ ನಡೆದು, ಬೀರುವಿನ ಅಂಚಿಗೆ ಮುಖ ಹೊಡೆದುಕೊಂಡ. ಮೂಗಿನಿಂದ ರಕ್ತ ಬಂತು. ಹಿಂದೆ ಬಂದು ಮತ್ತೆ ಹೊರಟ, ಮತ್ತೆ ಹೊಡೆದುಕೊಂಡ. ಮೂರನೇ ಸಲ ಹೋಗಲೇ ಇಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಾನೆ.

ಅಳತೆ ಎಲ್ಲ ಸರಿಯಾಗಿದೆ ಅಕ್ಕಾ. ಮತ್ತೆ ಮತ್ತೆ ನೋಡಿದೆ. ಪುಸ್ತಕದಲ್ಲಿ ಇರುವುದೇ ನೆಲದ ಮೇಲಿದೆ. ಹೊಸ ಮನೆಯ ನೆಲವೇ ಬೇರೆ, ಅದಕ್ಕೆ ಹೀಗೋ ಏನೋ.

ತಂಗಿ

*

ಫೆಬ್ರುವರಿ 9

ಅಕ್ಕಾ,

ನಿನ್ನ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ.

ಅವನು ಊಟ ಬಿಟ್ಟಿದ್ದಾನೆ. ಬಟ್ಟಲನ್ನು ಬಾಯಿಯ ಹತ್ತಿರ ಹಿಡಿದರೆ ನನ್ನ ಮೇಲಿನ ದಾಕ್ಷಿಣ್ಯಕ್ಕೆ ಎರಡು ತುತ್ತು ತಿನ್ನುತ್ತಾನೆ. ಹಗಲೆಲ್ಲ ಊಳಿಡುತ್ತಾನೆ. ಕೆಳಗಿನ ಮನೆಯಲ್ಲಿ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿದೆ. ನಿನ್ನೆ ಅವರು ಮೇಲೆ ಬಂದು, ಬಾಯಿ ತೆರೆದು ಕೂತ ಪೇಷಂಟುಗಳೆಲ್ಲ ಪಕ್ಕದ ಕೋಣೆಯಲ್ಲಿ ಯಾರಿಗೋ ಹಲ್ಲು ಕೀಳುತ್ತಿದ್ದಾರೆಂದು ತಿಳಿದು ಎದ್ದು ಹೋಗುತ್ತಿದ್ದಾರೆ ಎಂದರು. ಅವರು ಕೆಟ್ಟವರಲ್ಲ, ಆದರೆ ಸಮಿತಿಯಲ್ಲಿದ್ದಾರೆ.

ಮೆಟ್ಟಿಲಿನ ಮಾತೇ ಇಲ್ಲ, ಅವನು ಮೂಲೆ ಬಿಟ್ಟು ಏಳುತ್ತಿಲ್ಲ. ಹಳೆಯ ಸಾಲಿಗೆ ಹೋಗಿ ನೋಡಿ ಬಂದೆ, ಮತ್ತೊಮ್ಮೆ ಅಳೆಯೋಣವೆಂದು. ಇಟ್ಟಿಗೆಯ ರಾಶಿ ಬಿಟ್ಟರೆ ಏನಿಲ್ಲ.

ಆರ್ಡರ್ ಪುಸ್ತಕದ ಆ ಎರಡು ಹಾಳೆ ಹರಿದು ಇದರೊಳಗೆ ಇಟ್ಟಿದ್ದೇನೆ. ನಿನ್ನ ಕಣ್ಣಿಗೆ ಏನಾದರೂ ಕಂಡರೆ ಹೇಳು. ಕಾಣದಿದ್ದರೆ ಇನ್ನು ಇಪ್ಪತ್ತೊಂದು ದಿನಕ್ಕೆ ಅವನನ್ನು ಕಳಿಸಬೇಕು. ನನ್ನ ಕೈಯಾರೆ ವ್ಯಾನು ಹತ್ತಿಸುವುದು ನನ್ನಿಂದ ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ತಂಗಿ

*

ಫೆಬ್ರುವರಿ 13

ತಂಗಿ,

ಹಾಳೆಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು ಬೆಳಗಿನಿಂದ ಕೂತೆ. ಮಗಳು, ಯಾರ ಬಟ್ಟೆಯಮ್ಮ ಇದು, ಇಷ್ಟು ಉದ್ದದ ಮನುಷ್ಯ ಇದ್ದಾನಾ ಎಂದು ಕೇಳಿದಳು.

ನಿನ್ನ ಹಾಳೆಯಲ್ಲಿ ನನ್ನ ಕಟಿಂಗ್ ಮೇಜು ಎಪ್ಪತ್ನಾಲ್ಕು ಇಂಚು ಉದ್ದವಿದೆ. ಆ ಮೇಜನ್ನು ಬಡಗಿಯ ತಲೆಯ ಮೇಲೆ ನಿಂತು ಮಾಡಿಸಿದವಳು ನಾನು. ಅದು ಎಪ್ಪತ್ತೆರಡು. ಮರ ಕಡಿದು ಮೇಜು ಮಾಡಿದ ಮೇಲೆ ಬೆಳೆಯುವುದಿಲ್ಲ.

ನಿನ್ನ ಅಮ್ಮ ನಿನಗೆ ಮಕ್ಕಳ ಬಟ್ಟೆಯಲ್ಲಿ ಕೈ ತಿದ್ದಿಸಿದಳು. ಬೆಳೆಯುವ ಮೈ, ಟೇಪು ಹೇಳಿದ್ದಕ್ಕೆ ಎರಡು ಸೇರಿಸಿ ಬರಿ ಎಂದು ಕಲಿಸಿದಳು. ನೀನೇ ನನಗೆ ಹೇಳಿದ್ದೆ. ನಿನಗೆ ಗೊತ್ತಿಲ್ಲದೆಯೇ ನಿನ್ನ ಕೈ ಅದನ್ನು ಮಾಡುತ್ತದೆ. ಕಣ್ಣು ತೊಂಬತ್ತೆರಡು ಓದುತ್ತದೆ, ಪೆನ್ಸಿಲು ತೊಂಬತ್ನಾಲ್ಕು ಬರೆಯುತ್ತದೆ. ಒಂದು ಅಳತೆಗೆ ಎರಡಿಂಚಾದರೆ ದೊಡ್ಡದಲ್ಲ. ಅವನ ದಾರಿಯಲ್ಲಿ ಒಂದರ ಮೇಲೊಂದು ಒಂಬತ್ತು ಅಳತೆಗಳಿವೆ. ಬೀರುವಿನ ಹತ್ತಿರ ಬರುವ ಹೊತ್ತಿಗೆ ಬಾಗಿಲು ಅರ್ಧಕ್ಕಿಂತ ಹೆಚ್ಚು ಆಚೆ ಸರಿದಿದೆ. ಪಾಪ, ಎಣಿಸುವುದರಲ್ಲಿ ಅವನು ತಪ್ಪಿಲ್ಲ.

ಪ್ರತಿಯೊಂದರಲ್ಲೂ ಎರಡು ಕಳೆ. ಬೇರೆ ಪೆನ್ಸಿಲಿನಿಂದ ಬರೆ, ಗಟ್ಟಿಯಾಗಿ ಓದಿಕೊಂಡು ಬರೆ. ನೆಲ ಒರೆಸಿ ಹೊಸದಾಗಿ ಗೆರೆ ಎಳೆ. ಮೊದಲು ಮೇಜು ಇಡು, ಗೆರೆಗೆ ಅದು ಬಿಗಿಯಾಗಿ ಕೂತರೆ ಮಾತ್ರ ಮುಂದೆ ಹೋಗು.

ಬೇರೆ ಯಾವ ವಿಷಯವನ್ನೂ ಈ ಕಾಗದದಲ್ಲಿ ಬರೆಯುವುದಿಲ್ಲ.

ಅಕ್ಕ

*

ಫೆಬ್ರುವರಿ 19

ಅಕ್ಕಾ,

ಮೊದಲು ಅವನ ಸುದ್ದಿ. ಹದಿನೇಳನೇ ತಾರೀಕು ಬೆಳಿಗ್ಗೆ ಎಲ್ಲವನ್ನೂ ಎರಡೆರಡು ಇಂಚು ಒಳಗೆ ತಂದೆ. ಮೇಜು ಗೆರೆಯ ಮೇಲೆ ಹೊಲಿದು ಕೂರಿಸಿದ ಹಾಗೆ ಕೂತಿತು. ಅವನನ್ನು ಮೂಲೆಯಿಂದ ಎಳೆದು ತಂದು ಹಾಸಿಗೆಯ ಮೇಲೆ ಬಿಟ್ಟು, ಪಕ್ಕದಲ್ಲೇ ಕೂತೆ. ಬಹಳ ಹೊತ್ತು ಏಳಲಿಲ್ಲ. ಎದ್ದ. ಮೇಜಿನ ಕಾಲು ಬಳಸಿದ. ಬೀರುವಿನ ಹತ್ತಿರ ಬಂದವನು ನಿಂತು, ಪೆಟ್ಟು ತಿನ್ನಲು ತಯಾರಾದವನ ಹಾಗೆ ಮುಖ ತಗ್ಗಿಸಿ, ಒಂದು ಹೆಜ್ಜೆ ಇಟ್ಟ. ಏನೂ ತಾಗಲಿಲ್ಲ. ಇನ್ನೊಂದು ಹೆಜ್ಜೆ. ಆಮೇಲೆ ನೋಡಬೇಕಿತ್ತು ನೀನು, ಬಾಲ ಎತ್ತಿಕೊಂಡು ನೇರ ಬಟ್ಟಲಿಗೆ ಹೋಗಿ ಕಚಕಚ ಅಂತ ಪೂರ್ತಿ ತಿಂದ. ನಾನು ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಹಲ್ಲಿನ ಡಾಕ್ಟರು ಇವತ್ತು ಊಳಿಡುತ್ತಿರುವುದು ಯಾರೆಂದು ಕೇಳಿಕೊಂಡು ಮೇಲೆ ಬಂದರು.

ಈಗ ನೀನು ಬರೆಯದೆ ಬಿಟ್ಟ ವಿಷಯ. ಪ್ರಿನ್ಸಿಪಾಲರ ಕೋಟಿನ ವಾರ ನೀನು ಮಗಳ ಹೆರಿಗೆಗೆ ಹೋಗಿದ್ದೆ. ಅಳತೆ ಹಿಡಿದವಳು ನಾನು. ನಾನು ಎರಡು ಸೇರಿಸಿ ಬರೆದೆ, ನೀನು ಬಂದು ಅದನ್ನು ಮೈಯ ಅಳತೆ ಎಂದು ನಂಬಿ ಅದರ ಮೇಲೆ ನಿನ್ನ ಮಾರ್ಜಿನ್ ಬೇರೆ ಸೇರಿಸಿ ಕತ್ತರಿಸಿದೆ. ಗೋಣಿಚೀಲ ಹೊಲಿದವಳು ನಾನೇ. ಗಿರಾಕಿಗಳ ಮುಂದೆ ನಿನಗೆ ಕೈ ನಡುಗುವ ವಯಸ್ಸಾಯಿತು ಅಂದೆನಲ್ಲ, ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ. ತಪ್ಪಾಯಿತು ಅಕ್ಕಾ. ಮೂರು ವರ್ಷ ತಡವಾಗಿ ಹೇಳುತ್ತಿದ್ದೇನೆ, ಆದರೆ ಪೂರ್ತಿ ಮನಸ್ಸಿನಿಂದ ಹೇಳುತ್ತಿದ್ದೇನೆ.

ಪ್ರಿನ್ಸಿಪಾಲರ ಮನೆಗೂ ಹೋಗಿ ಒಪ್ಪಿಕೊಂಡೆ, ಕೋಟು ಕೊಡಿ, ಬಿಗಿ ಮಾಡಿಕೊಡುತ್ತೇನೆ ಎಂದೆ. ಅವರು ಕೊಡಲಿಲ್ಲ. "ಒಳಗೆ ಎರಡು ಸ್ವೆಟರ್ ಹಿಡಿಸುತ್ತೆ, ಸುಮ್ನಿರಮ್ಮ," ಎಂದರು.

ಇನ್ನು ಮೆಟ್ಟಿಲು. ಮೂವತ್ತಾರಿವೆ, ಹನ್ನೊಂದು ದಿನವಿದೆ. ಅದಕ್ಕೆ ಹಳೆಯ ಮನೆಯಲ್ಲಿ ಅಳತೆಯಿಲ್ಲ, ಅವನು ಹೊಸದಾಗಿಯೇ ಕಲಿಯಬೇಕು. ನನಗೊಂದು ಯೋಚನೆ ಬಂದಿದೆ. ಕೋಟಿನ ಒಳಗೆ ಹಾಕುವ ಒರಟು ಕ್ಯಾನ್ವಾಸ್ ಒಂದು ಸುರುಳಿ ಉಳಿದಿತ್ತು. ಮೆಟ್ಟಿಲು ಶುರುವಾಗುವಲ್ಲಿ ಒಂದು ಪಟ್ಟಿ, ಮುಗಿಯುವಲ್ಲಿ ಒಂದು ಪಟ್ಟಿ, ತಿರುವಿನಲ್ಲಿ ಎರಡು. ಕಾಲಿಗೆ ಒರಟು ತಾಗಿದರೆ ಏನೋ ಬದಲಾಗಲಿದೆ ಎಂದು ಅರ್ಥ. ಕಾರ್ಯದರ್ಶಿಗಳ ಅನುಮತಿ ಕೇಳಿದೆ. ಅಂಟಿಸಿ, ಆದರೆ ಯಾರೂ ಎಡವಬಾರದು ಎಂದರು. ನಾನು ಅಂಚು ಮಡಿಸಿ ಹೊಲಿದದ್ದನ್ನು ಎಡವಿದವರು ಇನ್ನೂ ಹುಟ್ಟಿಲ್ಲ ಎಂದೆ.

ತಂಗಿ

*

ಫೆಬ್ರುವರಿ 25

ತಂಗಿ,

ಕೋಟಿನ ಮಾತು ಅಲ್ಲಿಗೆ ಮುಗಿಯಿತು. ಗೆದ್ದೆ ಎಂದು ಖುಷಿಪಡೋಣವೆಂದರೆ ಆಗಲಿಲ್ಲ. ನನ್ನದೂ ಒಂದಿದೆ. ಆ ಜಗಳದ ದಿನ ಕತ್ತರಿ ಎತ್ತಿಕೊಂಡು ಹೇಳದೆ ಕೇಳದೆ ಹೊರಟೆ. ಮಗಳಿಗೆ ಬೇಕು ಎಂದು ಊರಿಗೆಲ್ಲ ಹೇಳಿದೆ. ಮಗಳು ಬಾ ಎಂದಿರಲಿಲ್ಲ. ಬಾಗಿಲವರೆಗೆ ಕಾಲರ್ ಬಂದ, ಆಗ ಅವನಿಗೆ ಕಣ್ಣು ಕಾಣುತ್ತಿತ್ತು. ನಾನು ತಿರುಗಿ ನೋಡಲಿಲ್ಲ.

ಇಳಿಯುವುದನ್ನು ಕಲಿಸುವ ಮೊದಲು ಹತ್ತುವುದನ್ನು ಕಲಿಸು. ಹತ್ತುವಾಗ ಮೂಗಿನ ಮುಂದೆ ಮೆಟ್ಟಿಲಿರುತ್ತದೆ, ಇಳಿಯುವಾಗ ಗಾಳಿ ಬಿಟ್ಟರೆ ಏನೂ ಇರುವುದಿಲ್ಲ.

ಅವನು ಗೆಲ್ಲಬೇಕು. ಬೇರೇನೂ ಬರೆಯಲು ಕೈ ಬರುತ್ತಿಲ್ಲ.

ಅಕ್ಕ

*

ಮಾರ್ಚ್ 3

ಅಕ್ಕಾ,

ಕೂತಿದ್ದೀಯಾ? ಕೂತುಕೊಂಡು ಓದು.

ನಿನ್ನೆ ಹತ್ತು ಗಂಟೆಗೆ ಸರಿಯಾಗಿ ಕಾರ್ಯದರ್ಶಿಗಳು ಬಂದರು, ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ರಿಜಿಸ್ಟರು. ಹಿಂದೆ ಹಲ್ಲಿನ ಡಾಕ್ಟರು. ಅವರ ಹಿಂದೆ, ನೋಡಲು ಯಾರು ಕರೆದರೋ ಗೊತ್ತಿಲ್ಲ, ಮೂರೂ ಮಹಡಿಯ ಜನ ಗೋಡೆಗಂಟಿ ನಿಂತಿದ್ದರು. ನೀನು ಹೇಳಿದ ಹಾಗೆ ಮೊದಲು ಹತ್ತಿಸಿದ್ದೆ, ಆಮೇಲೆ ಇಳಿಸಿದ್ದೆ. ಒಂದು ಸಲವೂ ಅವನು ನಾನಿಲ್ಲದೆ ಒಬ್ಬನೇ ಹೋಗಿ ಬಂದಿರಲಿಲ್ಲ.

ಬಾಗಿಲು ತೆರೆದೆ. ಅವನು ಪಟ್ಟಿಯ ಮೇಲೆ ಕಾಲಿಟ್ಟ, ನಿಂತ. ಇಷ್ಟು ಜನರ ವಾಸನೆ ಒಟ್ಟಿಗೆ ಬಂದಿರಬೇಕು, ಕಿವಿ ಹಿಂದಕ್ಕೆ ಹೋಯಿತು. ಕರೆಯಬಾರದು ಎಂದು ಮೊದಲೇ ಮಾತಾಗಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಆಮೇಲೆ ಅವನು ಮುಂಗಾಲು ಇಳಿಸಿದ. ಒಂದು, ಎರಡು, ಮೂರು. ತಿರುವಿನಲ್ಲಿ ಪಟ್ಟಿ ಸಿಕ್ಕ ತಕ್ಷಣ ತಿರುಗಿದ. ಕೆಳಗಿಳಿದು ನಮ್ಮ ಕಣ್ಣಿಗೆ ಮರೆಯಾದ. ಕಿಟಕಿಯಲ್ಲಿ ನಿಂತವರು, ಅಂಗಳಕ್ಕೆ ಹೋದ, ಗೋಡೆಯ ಹತ್ತಿರ ಹೋದ, ಕೆಲಸ ಮುಗಿಸಿದ ಎಂದು ಒಂದೊಂದನ್ನೂ ಕೂಗಿ ಹೇಳಿದರು. ಅವನ ಮಾನವನ್ನು ಹೀಗೆ ಬೀದಿಗೆ ತಂದದ್ದಕ್ಕೆ ನನಗೇ ನಾಚಿಕೆಯಾಯಿತು.

ಹತ್ತುವಾಗ ಗ್ರಹಚಾರ. ತೆರೆದ ಬಾಗಿಲಿನಿಂದ ಸೂಜಿ ಆಚೆ ಬಂದು, ಕೊನೆಯ ಮೆಟ್ಟಿಲಿನ ಪಟ್ಟಿಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಿತು. ಕ್ಯಾನ್ವಾಸ್ ಕಂಡರೆ ಅದಕ್ಕೆ ಉಗುರು ಕೆರೆಯುವ ಚಟ. ಎತ್ತಲು ನಾನು ಬಗ್ಗಿದೆ. ಕಾರ್ಯದರ್ಶಿಗಳು ಕೈ ಅಡ್ಡ ಹಿಡಿದರು. "ಮುಟ್ಟಬೇಡಿ. ಏನು ಮಾಡುತ್ತೆ ನೋಡೋಣ," ಎಂದರು.

ಅವನು ಮೂವತ್ತೈದು ಹತ್ತಿ ಬಂದು ಕಾಲೆತ್ತಿದ. ಒರಟು ಸಿಗಬೇಕಾದಲ್ಲಿ ಮೆತ್ತಗೆ ಸಿಕ್ಕಿತು. ಕಾಲನ್ನು ಗಾಳಿಯಲ್ಲೇ ಹಿಡಿದು ನಿಂತ. ಹಿಂದೆ ಅಷ್ಟೂ ಮೆಟ್ಟಿಲು, ಬಿದ್ದರೆ ಮುಗಿಯಿತು. ಬೆಕ್ಕು ಅಲುಗಲಿಲ್ಲ, ಅದಕ್ಕೆ ಯಾವ ಸಮಿತಿಯ ಹೆದರಿಕೆಯೂ ಇಲ್ಲ. ಅವನು ಮೂಗು ಬಗ್ಗಿಸಿ ಅದರ ಹೊಟ್ಟೆ ಮೂಸಿದ. ಎಷ್ಟು ಹೊತ್ತು ಮೂಸಿದನೋ, ನನಗಂತೂ ಒಂದು ವರ್ಷದ ಹಾಗಿತ್ತು. ಆಮೇಲೆ ನಿಧಾನ ಒಂದು ಪಕ್ಕಕ್ಕೆ ಸರಿದು, ಗೋಡೆಗೆ ಭುಜ ಒರಗಿಸಿ, ಅದರ ಬಾಲವನ್ನೂ ತುಳಿಯದೆ ದಾಟಿ ಬಂದ. ಆ ಮಹಡಿಯಲ್ಲಿ ಮೂರು ಬಾಗಿಲು ತೆರೆದಿದ್ದವು. ನಮ್ಮದರೊಳಗೆ ನಡೆದ.

ಜನ ಚಪ್ಪಾಳೆ ತಟ್ಟಿದರು. ಹಲ್ಲಿನ ಡಾಕ್ಟರು ಕಣ್ಣು ಒರೆಸಿಕೊಂಡು, ಧೂಳು ಎಂದರು. ಕಾರ್ಯದರ್ಶಿಗಳು ಗಡಿಯಾರ ಜೇಬಿಗೆ ಹಾಕಿ ನನ್ನ ಮೇಜಿನ ಮೇಲೆಯೇ ರಿಜಿಸ್ಟರು ತೆರೆದರು. ವಾಸಿಸುವವರು ಎನ್ನುವ ಜಾಗದಲ್ಲಿ ನನ್ನ ಹೆಸರಿನ ಕೆಳಗೆ ಕಾಲರ್ ಎಂದು ಬರೆದರು, ಅದರ ಕೆಳಗೆ ಸೂಜಿ. ಪ್ರಾಣಿಗಳಿಗೆ ಬೇರೆ ಪುಟವಿದೆಯಲ್ಲ ಎಂದು ಡಾಕ್ಟರು ನೆನಪಿಸಿದರು. "ಗೊತ್ತು ರೀ. ನಲವತ್ತು ವರ್ಷ ರೈಲಲ್ಲಿ ಜನ ಹತ್ತಿ ಇಳಿಯೋದು ನೋಡಿದೀನಿ. ಇಷ್ಟು ಜೋಪಾನವಾಗಿ ಇನ್ನೊಬ್ಬರನ್ನ ದಾಟಿ ಹೋದೋರನ್ನ ನೋಡಿಲ್ಲ. ಇಲ್ಲೇ ಇರಲಿ," ಎಂದು ಸಹಿ ಹಾಕಿದರು.

ನೀನು ಬಾ. ನೋಡಲು ಬಾ, ಇರಲು ಬಂದರೂ ಸರಿ, ಮಗಳ ಜೊತೆ ಮಾತಾಡಿ ತೀರ್ಮಾನಿಸು. ಅಳತೆ ಹಿಡಿಯುವ ಕೆಲಸ ಇನ್ನು ಮೇಲೆ ನಿನ್ನದೇ, ಟೇಪು ಮುಟ್ಟುವುದಿಲ್ಲವೆಂದು ನಾನು ಆಣೆ ಮಾಡಿದ್ದೇನೆ.

ಇದನ್ನು ಬರೆಯುತ್ತಿರುವಾಗ ಊಟ ಮುಗಿಸಿದ ಕಾಲರ್ ಮನೆಯ ಹಾಲ್‌ನ ನಟ್ಟನಡುವೆ ಕೈಕಾಲು ಚಾಚಿ ಅಂಗಾತ ಮಲಗಿದ್ದಾನೆ. ಕಣ್ಣು ಹೋದ ದಿನದಿಂದ ಅವನು ಗೋಡೆಗೆ ಬೆನ್ನು ಕೊಡದೆ ಮಲಗಿದವನಲ್ಲ, ಯಾರಾದರೂ ತುಳಿದಾರು ಎಂಬ ಭಯ. ಈಗ ಗೊರಕೆ ಬೇರೆ. ಅಂಚೆಗೆ ಹೊರಡಬೇಕು, ಬಾಗಿಲಿಗೆ ನಾನೇ ಅವನನ್ನು ಸುತ್ತಿ ಬಳಸಿ ಹೋಗುತ್ತೇನೆ.

ಕಾಲರನ ಮನೆಯಿಂದ,
ನಿನ್ನ ತಂಗಿ